ಆನ್ ಆರ್ಬರ್ ನಗರದ ಗಾಂಜಾ ಶಾಸನಗಳು: ಪ್ರವಾಸಿಗನು ತಿಳಿದಿರಬೇಕಾದ ಚರಿತ್ರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗಾಂಜಾ ಸೇವನೆಗೆ ಕಾನೂನಿನ ಸಮ್ಮತಿ ದೊರೆತಿದೆಯೆಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳಲ್ಲಿ ಕೇಳಿಬರುವುದುಂಟು. ಈ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆ ದೇಶದಲ್ಲಿ ನಗರ, ಸಂಸ್ಥಾನ, ವಿಶ್ವವಿದ್ಯಾನಿಲಯ, ಕೇಂದ್ರ ಸರ್ಕಾರ ಇವು ಒಂದೇ ವಸ್ತುವನ್ನು ಕುರಿತು ಒಂದಕ್ಕೊಂದು ಹೊಂದದ ನಿಯಮಗಳನ್ನು ಏಕಕಾಲದಲ್ಲಿ ಜಾರಿಯಲ್ಲಿಟ್ಟುಕೊಂಡಿರುವುದು ಸಾಧ್ಯವಾಗಿದೆ. ಉನ್ನತ ವ್ಯಾಸಂಗಕ್ಕಾಗಿಯೋ, ವಿದ್ವತ್ಸಭೆಗಾಗಿಯೋ, ಅಲ್ಲಿ ನೆಲಸಿರುವ ಮಕ್ಕಳನ್ನು ಕಾಣುವುದಕ್ಕಾಗಿಯೋ ಹೋಗುವ ನಮ್ಮವರಲ್ಲಿ ಅನೇಕರು ಈ ಪದರಗಳಲ್ಲಿ ಮೇಲಿನದೊಂದನ್ನು ಮಾತ್ರ ಕಂಡು, ಉಳಿದವು ಇಲ್ಲವೆಂದು ಭಾವಿಸುವ ಸಂಭವವಿದೆ. ಹಾಗೆ ಭಾವಿಸಿದವನು ತೆರಬೇಕಾದ ಬೆಲೆ ಸಣ್ಣದಲ್ಲ. ಆದಕಾರಣ ಈ ಶಾಸನಗಳ ಹೆಣಿಗೆಯನ್ನು ಒಂದು ವಿದ್ಯಾನಗರದ ಚರಿತ್ರೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ನಗರ ಮಿಷಿಗನ್ ಸಂಸ್ಥಾನದ ಆನ್ ಆರ್ಬರ್.

ನಗರದ ಹಿನ್ನೆಲೆ

ಆನ್ ಆರ್ಬರ್ ಡೆಟ್ರಾಯ್ಟ್ ಮಹಾನಗರದಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಹ್ಯೂರನ್ ನದಿಯ ದಡದಲ್ಲಿದೆ. ಇದನ್ನು 1824ರಲ್ಲಿ ಜಾನ್ ಆಲನ್ ಮತ್ತು ಎಲೈಷಾ ರಂಸೆ ಎಂಬಿಬ್ಬರು ಸ್ಥಾಪಿಸಿದರು. ಡೆಟ್ರಾಯ್ಟಿನಲ್ಲಿ 1817ರಲ್ಲಿ ಆರಂಭವಾಗಿದ್ದ ಮಿಷಿಗನ್ ವಿಶ್ವವಿದ್ಯಾನಿಲಯ 1837ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಅಂದಿನಿಂದ ಊರಿನ ಬೆಳವಣಿಗೆಯೂ ವಿಶ್ವವಿದ್ಯಾನಿಲಯದ ಬೆಳವಣಿಗೆಯೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1,23,851; ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಸಂಖ್ಯೆಯೇ 50,000ವನ್ನು ಮೀರಿದೆ.

1960ರ ದಶಕದಲ್ಲಿ ಈ ಊರು ಅಮೆರಿಕದ ವಿದ್ಯಾರ್ಥಿ ಚಳವಳಿಯ ಮುಖ್ಯ ನೆಲೆಗಳಲ್ಲಿ ಒಂದಾಯಿತು. 1960ರ ಅಕ್ಟೋಬರ್ 14ರಂದು, ರಾತ್ರಿ ಎರಡು ಗಂಟೆಯ ಹೊತ್ತಿಗೆ, ಜಾನ್ ಕೆನೆಡಿಯು ಇಲ್ಲಿನ ವಿದ್ಯಾರ್ಥಿಭವನದ ಮೆಟ್ಟಿಲುಗಳ ಮೇಲೆ ನಿಂತು ಮಾಡಿದ ಭಾಷಣದಿಂದ ಶಾಂತಿದಳದ ಕಲ್ಪನೆಗೆ ರೂಪ ಬಂದಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಧ್ಯಾಪಕರೂ ವಿದ್ಯಾರ್ಥಿಗಳೂ ರಾತ್ರಿಯಿಡೀ ಚರ್ಚೆ ನಡೆಸಿದ ಮೊದಲ ಬೋಧನಸಭೆ ಸೇರಿದ್ದೂ ಇಲ್ಲಿಯೇ, 1965ರ ಮಾರ್ಚ್ 24 ಮತ್ತು 25ರಂದು. ಗಾಂಜಾ ಶಾಸನದ ಪ್ರಶ್ನೆ ಈ ನಗರದಲ್ಲಿ ಬರಿಯ ವಿನೋದದ ಪ್ರಶ್ನೆಯಾಗಿ ಉಳಿಯದೆ ರಾಜಕೀಯ ಪ್ರಶ್ನೆಯಾದುದಕ್ಕೆ ಈ ಹಿನ್ನೆಲೆಯೇ ಕಾರಣ.

ಸಿಂಕ್ಲೇರ್ ಮೊಕದ್ದಮೆ

ಜಾನ್ ಸಿಂಕ್ಲೇರನು ಕವಿ, ವಾದ್ಯಗೋಷ್ಠಿಯೊಂದರ ವ್ಯವಸ್ಥಾಪಕ, ಮತ್ತು 1968ರಲ್ಲಿ ಆನ್ ಆರ್ಬರಿನಲ್ಲಿ ಹುಟ್ಟಿದ ‘ವೈಟ್ ಪ್ಯಾಂಥರ್’ ಪಕ್ಷದ ಸ್ಥಾಪಕರಲ್ಲಿ ಒಬ್ಬ. ಅದಕ್ಕೆ ಮುಂಚೆ ಡೆಟ್ರಾಯ್ಟಿನಲ್ಲಿದ್ದಾಗ ಮಾರುವೇಷದ ಪೊಲೀಸ್ ಅಧಿಕಾರಿಗೆ ಗಾಂಜಾ ತುಂಬಿದ ಎರಡು ಸಿಗರೇಟುಗಳನ್ನು ಕೊಟ್ಟನೆಂಬುದು ಅವನ ಮೇಲಿನ ಆರೋಪ. 1969ರ ಜುಲೈ ತಿಂಗಳಲ್ಲಿ ನ್ಯಾಯಾಲಯ ಅವನಿಗೆ ಒಂಬತ್ತೂವರೆಯಿಂದ ಹತ್ತು ವರ್ಷಗಳ ಸೆರೆವಾಸವನ್ನು ವಿಧಿಸಿತು.

1971ರ ಡಿಸೆಂಬರ್ 10ರಂದು ಆನ್ ಆರ್ಬರಿನ ಕ್ರೈಸ್ಲರ್ ಕ್ರೀಡಾಮಂದಿರದಲ್ಲಿ ಅವನ ಬಿಡುಗಡೆಗಾಗಿ ಬೃಹತ್ ಸಭೆಯೊಂದು ಸೇರಿತು. ಸುಮಾರು 15,000 ಜನ ನೆರೆದಿದ್ದ ಆ ಸಭೆಯಲ್ಲಿ ಜಾನ್ ಲೆನನ್, ಯೋಕೋ ಓನೋ, ಸ್ಟೀವಿ ವಂಡರ್, ಕವಿ ಆಲನ್ ಗಿನ್ಸ್‌ಬರ್ಗ್, ಬಾಬಿ ಸೀಲ್ ಮೊದಲಾದವರು ಭಾಗವಹಿಸಿದರು. ಮೂರು ದಿನಗಳಲ್ಲಿ ಸಿಂಕ್ಲೇರನು ಸೆರೆಮನೆಯಿಂದ ಹೊರಬಂದನು. ಸಂಗೀತಸಭೆಯೇ ಸೆರೆಯ ಬಾಗಿಲನ್ನು ತೆರೆಯಿತೆಂಬ ಐತಿಹ್ಯ ಅಂದಿನಿಂದ ಪ್ರಚಾರದಲ್ಲಿದೆ. ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಕೊಂಚ ನಿಧಾನಿಸಬೇಕು. ಸಭೆ ಸೇರುವುದಕ್ಕೆ ಮೊದಲೇ ಸಂಸ್ಥಾನದ ಶಾಸನಸಭೆಯು ಗಾಂಜಾ ಅಪರಾಧಗಳ ದಂಡನೆಯನ್ನು ಬಹಳವಾಗಿ ತಗ್ಗಿಸುವ ಮಸೂದೆಗೆ ಒಪ್ಪಿಗೆಯಿತ್ತಿತ್ತು. ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಮುಂದೆ ಅವನ ಮೇಲ್ಮನವಿಯೂ ಇದ್ದಿತು. ಸಭೆಯು ಜನಾಭಿಪ್ರಾಯವನ್ನು ಬಲಪಡಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಡುಗಡೆಯ ಆಜ್ಞೆ ಬಂದದ್ದು ನ್ಯಾಯಾಲಯದಿಂದ; ಅದಕ್ಕೆ ಹಿನ್ನೆಲೆಯಾದದ್ದು ಶಾಸನಸಭೆಯ ನಿರ್ಧಾರ.

1972ರ ಮಾರ್ಚ್ 9ರಂದು ಅದೇ ನ್ಯಾಯಾಲಯ ಅವನ ಮೇಲಿನ ತೀರ್ಪನ್ನು ರದ್ದುಗೊಳಿಸಿತು. ನ್ಯಾಯಾಧೀಶರು ಕೊಟ್ಟ ಕಾರಣಗಳು ಒಂದೇ ಆಗಿರಲಿಲ್ಲ. ಗಾಂಜಾವನ್ನು ಅಫೀಮು, ಹೆರಾಯಿನ್‌ಗಳ ವರ್ಗದಲ್ಲಿ ಸೇರಿಸಿದ್ದು ಸಮಾನ ರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂಬುದು ಅವುಗಳಲ್ಲಿ ಮುಖ್ಯವಾದುದು. ಹಳೆಯ ಶಾಸನ ಹೀಗೆ ಬಿದ್ದುಹೋಯಿತು. ಹೊಸ ಶಾಸನ ಏಪ್ರಿಲ್ 1ರಂದು ಜಾರಿಗೆ ಬರಬೇಕಾಗಿತ್ತು. ನಡುವೆ ಸುಮಾರು ಮೂರು ವಾರಗಳ ಕಾಲ ಮಿಷಿಗನ್ನಿನಲ್ಲಿ ಗಾಂಜಾ ಹೊಂದಿರುವುದನ್ನು ನಿಷೇಧಿಸುವ ಸಂಸ್ಥಾನದ ಕಾನೂನೇ ಇರಲಿಲ್ಲ. ಹೊಸ ಶಾಸನ ಜಾರಿಗೆ ಬಂದ ದಿನವೇ, ಅದನ್ನು ಪ್ರತಿಭಟಿಸಿ, ಕೆಲವು ನೂರು ಮಂದಿ ವಿಶ್ವವಿದ್ಯಾನಿಲಯದ ನಡುವಣ ‘ಡಯಾಗ್’ ಎಂಬ ಬಯಲಿನಲ್ಲಿ ಕೂಡಿದರು. ‘ಹ್ಯಾಷ್ ಬ್ಯಾಷ್’ ಎಂಬ ವಾರ್ಷಿಕ ಮೇಳದ ಮೂಲ ಇದು. ಈಗ ಅದು ಏಪ್ರಿಲ್ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಸೇರುವುದು ರೂಢಿ.

ಐದು ಡಾಲರಿನ ದಂಡ

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ 18 ವರ್ಷ ತುಂಬಿದವರಿಗೆ ಮತಾಧಿಕಾರ ದೊರೆತಿತ್ತು. ವಿದ್ಯಾರ್ಥಿಗಳೇ ಹೆಚ್ಚಾಗಿರುವ ಊರಿನಲ್ಲಿ ಇದರ ಪರಿಣಾಮ ಒಡನೆಯೇ ಕಾಣಿಸಿತು. 1972ರ ಏಪ್ರಿಲ್ ಚುನಾವಣೆಯಲ್ಲಿ ‘ಮಾನವ ಹಕ್ಕುಗಳ ಪಕ್ಷ’ವೆಂಬ ಹೊಸ ಪಕ್ಷ ನಗರಸಭೆಯಲ್ಲಿ ಎರಡು ಸ್ಥಾನಗಳನ್ನು ಗಳಿಸಿತು. ಮರುತಿಂಗಳೇ ನಗರಸಭೆಯು ಗಾಂಜಾ ಹೊಂದಿರುವುದಕ್ಕೆ ಐದು ಡಾಲರು ದಂಡವೆಂದು ಉಪಶಾಸನ ಮಾಡಿತು. 1973ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಬಹುಮತ ಬಂದಾಗ ಅದನ್ನು ರದ್ದು ಮಾಡಲಾಯಿತು. 1974ರ ಏಪ್ರಿಲ್‌ನಲ್ಲಿ ಮತದಾರರು ಐದು ಡಾಲರಿನ ದಂಡವನ್ನು ಮತ್ತೆ ತಂದರು. ಈ ಸಲ ಉಪಶಾಸನವಾಗಿ ಅಲ್ಲ, ನಗರದ ಸನ್ನದಿನ ತಿದ್ದುಪಡಿಯಾಗಿ. ಉಪಶಾಸನವನ್ನು ನಗರಸಭೆಯ ಬಹುಮತ ಬದಲಿಸಬಹುದು. ಸನ್ನದನ್ನು ಬದಲಿಸಲು ಮತದಾರರ ಒಪ್ಪಿಗೆಯೇ ಬೇಕು. 1990ರಲ್ಲಿ ಮತದಾರರೇ ಮೊದಲ ಅಪರಾಧದ ದಂಡವನ್ನು 25 ಡಾಲರಿಗೆ ಏರಿಸಿದರು.

ಈ ದಂಡದ ವ್ಯಾಪ್ತಿಯನ್ನು ವಾಚಕರು ಗಮನಿಸಬೇಕು. ಸನ್ನದು ಕಟ್ಟುಪಾಡು ಹಾಕಿದ್ದು ನಗರದ ಪೊಲೀಸರಿಗೆ ಮಾತ್ರ. ಸಂಸ್ಥಾನದ ಪೊಲೀಸರು ಅದಕ್ಕೆ ಒಳಪಟ್ಟಿರಲಿಲ್ಲ. ವಿಶ್ವವಿದ್ಯಾನಿಲಯದ ಆವರಣದೊಳಗೆ ನಡೆಯುತ್ತಿದ್ದುದು ಸಂಸ್ಥಾನದ ಕಾನೂನು. ಊರನ್ನೂ ಆವರಣವನ್ನೂ ಬೇರ್ಪಡಿಸುವ ಬೀದಿಯ ಒಂದು ಬದಿಯಲ್ಲಿ ಕೆಲವು ಡಾಲರುಗಳ ದಂಡಕ್ಕೆ ತೀರಿಹೋಗುತ್ತಿದ್ದ ಕೃತ್ಯವೇ ಇನ್ನೊಂದು ಬದಿಯಲ್ಲಿ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧವಾಗಿತ್ತು. ಹ್ಯಾಷ್ ಬ್ಯಾಷ್ ಮೇಳಕ್ಕೆ ಹೊರಊರುಗಳಿಂದ ಬಂದು, ಐದು ಡಾಲರಿನ ಸುದ್ದಿಯನ್ನಷ್ಟೇ ಕೇಳಿ, ಡಯಾಗ್ ಬಯಲಿನಲ್ಲಿ ನಿಂತವನು ಈ ಭೇದಕ್ಕೆ ಸಿಕ್ಕಿಬೀಳುವುದು ಸುಲಭವಾಗಿತ್ತು.

ಸಂಸ್ಥಾನದ ಈಗಿನ ಶಾಸನ

2008ರ ಜನಮತಗಣನೆಯಲ್ಲಿ ಮಿಷಿಗನ್ನಿನ ಮತದಾರರು ಔಷಧರೂಪದ ಬಳಕೆಗೂ, 2018ರ ನವೆಂಬರ್ 6ರಂದು ಸುಮಾರು ಶೇಕಡ 56ರ ಬಹುಮತದಿಂದ ವಯಸ್ಕರ ಸಾಮಾನ್ಯ ಬಳಕೆಗೂ ಸಮ್ಮತಿಯಿತ್ತರು. 2019ರ ಡಿಸೆಂಬರ್ 1ರಂದು ಸಂಸ್ಥಾನದ ಮೊದಲ ಸಾರ್ವಜನಿಕ ಮಾರಾಟ ಆನ್ ಆರ್ಬರಿನಲ್ಲಿಯೇ ಆರಂಭವಾಯಿತು. ಅಂದು ಕೊಂಡವರಲ್ಲಿ ಸಿಂಕ್ಲೇರನೂ ಒಬ್ಬನೆಂಬುದು ಗಮನಾರ್ಹ. ಎರಡು ಸಿಗರೇಟುಗಳಿಗೆ ಹತ್ತು ವರ್ಷದ ಶಿಕ್ಷೆಯನ್ನು ಕೇಳಿಸಿಕೊಂಡಿದ್ದವನು ಐವತ್ತು ವರ್ಷಗಳ ತರುವಾಯ ಅದೇ ಸಂಸ್ಥಾನದ ಅಂಗಡಿಯಲ್ಲಿ ತೆರಿಗೆ ತೆತ್ತು ಅದನ್ನೇ ಕೊಂಡನು. ಅವನು 2024ರ ಏಪ್ರಿಲ್ 2ರಂದು ತೀರಿಕೊಂಡನು.

2018ರ ಶಾಸನ ಕೊಟ್ಟ ಸಮ್ಮತಿ ಎಲ್ಲೆಕಟ್ಟುಗಳುಳ್ಳದ್ದು. ಅದು 21 ವರ್ಷ ತುಂಬಿದವರಿಗೆ ಮಾತ್ರ ಅನ್ವಯಿಸುತ್ತದೆ. ವಿದ್ಯಾನಗರವೆಂದು ಹೆಸರಾದ ಊರಿನಲ್ಲಿ ಪದವಿ ತರಗತಿಗಳ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಈ ವಯಸ್ಸಿಗೆ ಕೆಳಗಿನವರು. ಅವರಿಗೆ ಕೊಡುವುದೂ ನಿಷಿದ್ಧ. ಮನೆಯಿಂದ ಹೊರಗೆ ಒಬ್ಬನು ಎರಡೂವರೆ ಔನ್ಸಿಗಿಂತ, ಎಂದರೆ ಸುಮಾರು 70 ಗ್ರಾಮಿಗಿಂತ, ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅದರಲ್ಲಿ ಸಾಂದ್ರೀಕರಿಸಿದ ಸಾರವು 15 ಗ್ರಾಮನ್ನು ಮೀರುವಂತಿಲ್ಲ. ಬೀದಿ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಸೇವನೆ ನಿಷಿದ್ಧ. ಅಮಲಿನಲ್ಲಿ ವಾಹನ ನಡೆಸುವುದು ಅಪರಾಧ. ಸ್ವತ್ತಿನ ಒಡೆಯನು ತನ್ನ ಮನೆಯಲ್ಲಿ ಅಥವಾ ವಸತಿಗೃಹದಲ್ಲಿ ಸೇವನೆ ಕೂಡದೆಂದರೆ ಆ ಮಾತೇ ನಿರ್ಣಾಯಕ. ಕೊಳ್ಳಲು ಅನುಮತಿಯುಂಟು, ಸೇವಿಸಲು ಸ್ಥಳವಿಲ್ಲ ಎಂಬ ಸ್ಥಿತಿಗೆ ಪ್ರವಾಸಿಗನು ಬರುವುದು ಇದರಿಂದಲೇ.

ಮಿಠಾಯಿ, ಬಿಸ್ಕತ್ತುಗಳ ರೂಪದಲ್ಲಿ ಮಾರುವ ಗಾಂಜಾ ಪದಾರ್ಥಗಳ ವಿಷಯದಲ್ಲಿ ಬೇರೊಂದು ಎಚ್ಚರಿಕೆ ಅವಶ್ಯ. ಹೊಗೆಯ ಪರಿಣಾಮ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ. ತಿಂದುದರ ಪರಿಣಾಮ ಕಾಣಿಸಲು ಅರ್ಧ ಗಂಟೆಯಿಂದ ಎರಡು ಗಂಟೆಗಳವರೆಗೆ ಹಿಡಿಯಬಹುದು. ಏನೂ ಆಗಲಿಲ್ಲವೆಂದು ಎರಡನೆಯ ತುಂಡನ್ನು ತಿಂದು ಆಸ್ಪತ್ರೆ ಸೇರುವವರಲ್ಲಿ ಈ ಅಂತರವನ್ನು ಅರಿಯದ ಹೊಸಬರು ಅನೇಕರು. ಮಕ್ಕಳಿರುವ ಮನೆಯಲ್ಲಿ ಅತಿಥಿಯಾಗಿರುವವನು ಇಂತಹ ತಿನಿಸನ್ನು ಅವರ ಕೈಗೆ ಸಿಗುವಂತೆ ಇಡುವುದು ಅಕ್ಷಮ್ಯ.

ವಿಶ್ವವಿದ್ಯಾನಿಲಯದ ಆವರಣ

ನಗರವೂ ಸಂಸ್ಥಾನವೂ ಒಪ್ಪಿದ ಮೇಲೂ ವಿಶ್ವವಿದ್ಯಾನಿಲಯದ ಆವರಣದಲ್ಲಿ ಗಾಂಜಾವನ್ನು ಹೊಂದಿರುವುದೂ ಸೇವಿಸುವುದೂ ನಿಷಿದ್ಧವಾಗಿಯೇ ಉಳಿದಿವೆ. ಇದಕ್ಕೆ ಕಾರಣ ಕೇಂದ್ರ ಸರ್ಕಾರದ 1989ರ ಶಾಸನ. ಮಾದಕವಸ್ತುಗಳನ್ನು ಆವರಣದಿಂದ ದೂರವಿಡುವ ನಿಯಮವಿಲ್ಲದ ವಿದ್ಯಾಸಂಸ್ಥೆಯು ಕೇಂದ್ರದ ಧನಸಹಾಯಕ್ಕೆ ಅನರ್ಹವಾಗುತ್ತದೆಂದು ಅದು ವಿಧಿಸುತ್ತದೆ. ಸಂಶೋಧನೆಯ ಅನುದಾನವನ್ನೂ ವಿದ್ಯಾರ್ಥಿಗಳ ಸಹಾಯಧನವನ್ನೂ ಪಣಕ್ಕಿಟ್ಟು ಈ ನಿಯಮವನ್ನು ಸಡಿಲಿಸುವ ಸ್ಥಿತಿಯಲ್ಲಿ ಯಾವ ದೊಡ್ಡ ವಿಶ್ವವಿದ್ಯಾನಿಲಯವೂ ಇಲ್ಲ. ಅಲ್ಲದೆ 2011ರ ಜುಲೈ 1ರಿಂದ ಮಿಷಿಗನ್ ವಿಶ್ವವಿದ್ಯಾನಿಲಯದ ಆವರಣ ಧೂಮಪಾನರಹಿತವಾಗಿದೆ. ತಂಬಾಕಿಗೂ ಅಲ್ಲಿ ಎಡೆಯಿಲ್ಲ. ಹ್ಯಾಷ್ ಬ್ಯಾಷ್ ಮೇಳ ನಡೆಯುವ ಡಯಾಗ್ ಬಯಲು ಈ ಆವರಣದ ಹೃದಯಭಾಗವೆಂಬುದನ್ನು ನೆನಪಿಡಬೇಕು.

ಪರದೇಶೀಯನ ಸ್ಥಿತಿ

ನಮ್ಮ ವಾಚಕರಿಗೆ ಅತ್ಯಂತ ಮುಖ್ಯವಾದ ಪದರ ಕೊನೆಯದು. ಕೇಂದ್ರ ಸರ್ಕಾರದ 1970ರ ನಿಯಂತ್ರಿತ ವಸ್ತುಗಳ ಶಾಸನವು ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಾದ ಮೊದಲ ಅನುಸೂಚಿಯಲ್ಲಿ ಸೇರಿಸಿತು. ಅದನ್ನು ಮೂರನೆಯ ಅನುಸೂಚಿಗೆ ಇಳಿಸುವ ಪ್ರಸ್ತಾಪವನ್ನು ಕೇಂದ್ರದ ನ್ಯಾಯಾಂಗ ಇಲಾಖೆ 2024ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಆದರೆ ಮೂರನೆಯ ಅನುಸೂಚಿಯ ವಸ್ತುಗಳೂ ವೈದ್ಯನ ಬರಹವಿಲ್ಲದೆ ಹೊಂದಿರಲು ಬಾರದವು. ಆದ್ದರಿಂದ ಅನುಸೂಚಿ ಬದಲಾಯಿತೆಂಬ ಸುದ್ದಿಯನ್ನು ಕೇಂದ್ರದ ಸಮ್ಮತಿಯೆಂದು ಓದುವುದು ಸರಿಯಲ್ಲ.

ಸಂಸ್ಥಾನದ ಪ್ರಜೆಯೊಬ್ಬನ ದಿನನಿತ್ಯದ ಬಾಳಿನಲ್ಲಿ ಕೇಂದ್ರದ ಈ ಶಾಸನ ಅಪರೂಪವಾಗಿ ಅಡ್ಡಬರುತ್ತದೆ. ಪರದೇಶೀಯನ ವಿಷಯ ಹಾಗಲ್ಲ. ಅವನು ದೇಶವನ್ನು ಪ್ರವೇಶಿಸುವುದು, ಅಲ್ಲಿ ಉಳಿಯುವುದು, ವೀಸಾ ನವೀಕರಿಸುವುದು, ಮುಂದೆ ಪೌರತ್ವ ಬೇಡುವುದು ಇವೆಲ್ಲವೂ ಕೇಂದ್ರದ ವಲಸೆ ಕಾನೂನಿನ ಅಧೀನ. ನಿಯಂತ್ರಿತ ವಸ್ತುಗಳ ಕಾನೂನನ್ನು ಉಲ್ಲಂಘಿಸಿದ ಅಪರಾಧಕ್ಕೆ ಶಿಕ್ಷಿತನಾದ ಪರದೇಶೀಯನನ್ನಲ್ಲದೆ, ಅಂತಹ ಉಲ್ಲಂಘನೆಯ ಕೃತ್ಯವನ್ನು ತಾನು ಮಾಡಿದೆನೆಂದು ಒಪ್ಪಿಕೊಂಡವನನ್ನೂ ಆ ಕಾನೂನು ಪ್ರವೇಶಕ್ಕೆ ಅನರ್ಹನೆಂದು ಪರಿಗಣಿಸುತ್ತದೆ. ಕೃತ್ಯ ನಡೆದ ಸಂಸ್ಥಾನದಲ್ಲಿ ಅದು ಕಾನೂನುಬದ್ಧವಾಗಿತ್ತೆಂಬ ಸಮಾಧಾನ ಅಲ್ಲಿ ನಿಲ್ಲದು. ಸಂಸ್ಥಾನಗಳ ಸಮ್ಮತಿಯಿದ್ದರೂ ಗಾಂಜಾ ಸಂಬಂಧವಾದ ಚಟುವಟಿಕೆ ಪೌರತ್ವಕ್ಕೆ ಬೇಕಾದ ಸಚ್ಚಾರಿತ್ರ್ಯಕ್ಕೆ ಬಾಧಕವಾಗಬಹುದೆಂದು ವಲಸೆ ಇಲಾಖೆಯು 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಪ್ರಕಟಿಸಿತು. ಇಂತಹ ಅಂಗಡಿಗಳಲ್ಲಿ ಉದ್ಯೋಗ ಮಾಡುವುದೂ ಈ ಮಾತಿಗೆ ಹೊರತಲ್ಲ.

ಇದರ ಅರ್ಥವನ್ನು ಬಿಡಿಸಿ ಹೇಳೋಣ. ಆನ್ ಆರ್ಬರಿನ ಬೀದಿಯಲ್ಲಿ ಗಾಂಜಾ ಸೇದಿದ ಅಮೆರಿಕದ ಪ್ರಜೆಗೆ ಸಂಸ್ಥಾನದ ಶಾಸನದಂತೆ ಹೆಚ್ಚೆಂದರೆ 100 ಡಾಲರು ದಂಡ. ಅವನ ಪಕ್ಕದಲ್ಲಿ ನಿಂತು ಅದನ್ನೇ ಮಾಡಿದ, ಕನ್ನಡ ನಾಡಿನಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದ ತರುಣನು, ಮುಂದೊಂದು ದಿನ ವಿಮಾನನಿಲ್ದಾಣದಲ್ಲಿಯೋ ದೂತಾವಾಸದಲ್ಲಿಯೋ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರವಿತ್ತರೆ ವ್ಯಾಸಂಗವನ್ನೇ ಕಳೆದುಕೊಳ್ಳಬಹುದು; ಸುಳ್ಳು ಹೇಳಿದರೆ ಅದು ಮತ್ತೊಂದು ಅಪರಾಧ. ಹೀಗಿರಲು ಅವನಿಗೆ ಸುರಕ್ಷಿತವಾದ ದಾರಿ ಸೇವಿಸದಿರುವುದು, ಕೊಳ್ಳದಿರುವುದು, ಇತರರಿಗಾಗಿ ಹೊತ್ತುಕೊಳ್ಳದಿರುವುದು. ಸಂದೇಹವಿದ್ದಲ್ಲಿ ಸ್ನೇಹಿತರ ಮಾತನ್ನು ನಂಬದೆ ವಿಶ್ವವಿದ್ಯಾನಿಲಯದ ಪರದೇಶೀಯ ವಿದ್ಯಾರ್ಥಿಗಳ ಕಚೇರಿಯನ್ನೋ ವಲಸೆ ಕಾನೂನು ಬಲ್ಲ ವಕೀಲನನ್ನೋ ವಿಚಾರಿಸುವುದು ಯುಕ್ತ.

ಗಡಿಗಳ ವಿಷಯವೂ ಇದೇ ಬಗೆಯದು. ದಕ್ಷಿಣಕ್ಕಿರುವ ಓಹಾಯೋ ಸಂಸ್ಥಾನದ ಮತದಾರರು 2023ರ ನವೆಂಬರಿನಲ್ಲಿ ವಯಸ್ಕರ ಬಳಕೆಗೆ ಒಪ್ಪಿಗೆಯಿತ್ತರು. ಡೆಟ್ರಾಯ್ಟ್ ನದಿಯ ಆಚೆಗಿರುವ ಕೆನಡಾ ದೇಶ 2018ರ ಅಕ್ಟೋಬರ್ 17ರಿಂದಲೇ ಸಮ್ಮತಿಸಿದೆ. ಎರಡೂ ಕಡೆ ಸಮ್ಮತವಾದ ವಸ್ತುವನ್ನು ನಡುವಣ ಗೆರೆಯನ್ನು ದಾಟಿಸುವುದು ಮಾತ್ರ ಕೇಂದ್ರದ ಕಾನೂನಿಗೆ ವಿರುದ್ಧವಾದ ಅಪರಾಧ. ಅಂಚೆಯೂ ವಿಮಾನಯಾನವೂ ಕೇಂದ್ರದ ಆಡಳಿತಕ್ಕೆ ಸೇರಿದವು. ಆದ್ದರಿಂದ ಒಂದು ಮಿಠಾಯಿಯನ್ನು ಊರಿಗೆ ಕಳುಹಿಸುವುದೂ ಪೆಟ್ಟಿಗೆಯಲ್ಲಿಟ್ಟು ತರುವುದೂ ಅಪಾಯಕರ.

ತಾಯ್ನಾಡಿಗೆ ಮರಳುವಾಗ

ಭಂಗಿಸೊಪ್ಪು ನಮ್ಮ ದೇಶಕ್ಕೆ ಹೊಸತಲ್ಲ, ಆದಕಾರಣ ಇಲ್ಲಿ ತೊಂದರೆಯಿಲ್ಲವೆಂದು ವಾದಿಸುವವರುಂಟು. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಆಯೋಗವು 1894ರಲ್ಲಿ ವರದಿ ಒಪ್ಪಿಸಿ, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲವೆಂದು ಅಭಿಪ್ರಾಯಪಟ್ಟು, ನಿಷೇಧಕ್ಕೆ ಬದಲು ನಿಯಂತ್ರಣವನ್ನೂ ತೆರಿಗೆಯನ್ನೂ ಶಿಫಾರಸು ಮಾಡಿದ್ದುದು ನಿಜ. ಆದರೆ 1961ರ ಅಂತರರಾಷ್ಟ್ರೀಯ ಒಪ್ಪಂದವು ಔಷಧೇತರ ಸೇವನೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂದು ವಿಧಿಸಿತು. ಭಾರತ 1985ರಲ್ಲಿ ಮಾದಕವಸ್ತುಗಳ ಶಾಸನವನ್ನು ಮಾಡಿತು. ಈ ಶಾಸನದ ಪ್ರಕಾರ ಗಿಡದ ಹೂತೆನೆಯೇ ಗಾಂಜಾ. ತೆನೆಯಿಲ್ಲದ ಬರಿಯ ಎಲೆ ಮತ್ತು ಬೀಜ ಆ ಅರ್ಥದಿಂದ ಹೊರಗಿವೆ. ಭಂಗಿಗೆ ಕೆಲವು ರಾಜ್ಯಗಳಲ್ಲಿ ಪರವಾನಗಿಯ ಅಂಗಡಿಗಳಿರುವುದು ಈ ಭೇದದಿಂದ. ಅಮೆರಿಕದ ಅಂಗಡಿಗಳ ಸಾರ, ಹೂ, ತಿನಿಸುಗಳನ್ನು ಈ ನೆಪದಿಂದ ಒಳತರುವುದು ಆಗದ ಮಾತು. ಅದು ನಿಷಿದ್ಧ ಆಮದು.

ನೋಡತಕ್ಕ ಸ್ಥಳಗಳು

ಹಾಗಾದರೆ ಈ ನಗರಕ್ಕೆ ಹೋದವನು ಏನು ಮಾಡಬೇಕು? ಚರಿತ್ರೆಯಲ್ಲಿ ಆಸಕ್ತಿಯುಳ್ಳವನಿಗೆ ಅಲ್ಲಿ ಕಾಣಲು ಬೇಕಾದಷ್ಟುಂಟು. ವಿಶ್ವವಿದ್ಯಾನಿಲಯದ ಬೆಂಟ್ಲಿ ಚರಿತ್ರ ಗ್ರಂಥಾಲಯದಲ್ಲಿ ಜಾನ್ ಮತ್ತು ಲೆನಿ ಸಿಂಕ್ಲೇರರ ಕಾಗದಪತ್ರಗಳ ಸಂಗ್ರಹವಿದೆ. 1911ರಲ್ಲಿ ಜೋಸೆಫ್ ಲೆಬಡಿ ಎಂಬ ಕಾರ್ಮಿಕ ಚಳವಳಿಗಾರನು ಕೊಟ್ಟ ಪುಸ್ತಕಗಳಿಂದ ಬೆಳೆದ ಲೆಬಡಿ ಸಂಗ್ರಹವು ಸಾಮಾಜಿಕ ಪ್ರತಿಭಟನೆಯ ಸಾಹಿತ್ಯಕ್ಕೆ ಹೆಸರಾದುದು. ಸಿಂಕ್ಲೇರನ ಬಳಗ ಹೊರಡಿಸುತ್ತಿದ್ದ ‘ಆನ್ ಆರ್ಬರ್ ಸನ್’ ಪತ್ರಿಕೆಯ ಸಂಚಿಕೆಗಳನ್ನು ಊರಿನ ಸಾರ್ವಜನಿಕ ಗ್ರಂಥಾಲಯ ಗಣಕರೂಪದಲ್ಲಿ ಒದಗಿಸಿರುವುದರಿಂದ, ಅವುಗಳನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿಂದಲೇ ಓದಬಹುದು. ಆ ಬಳಗ ವಾಸವಾಗಿದ್ದ ಹಿಲ್ ಬೀದಿ ಜನವಸತಿಯ ಬೀದಿ. ಅಲ್ಲಿನ ಮನೆಗಳನ್ನು ದಾರಿಯಿಂದಲೇ ನೋಡಿ ಮುಂದುವರಿಯುವುದು ಸೌಜನ್ಯ. ಹ್ಯಾಷ್ ಬ್ಯಾಷ್ ಮೇಳಕ್ಕೆ ಹೋದರೂ ಅಲ್ಲಿ ನಡೆಯುವ ಭಾಷಣಗಳನ್ನು ಕೇಳಿ ಬರಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಮೇಲಿನ ವಿವರಣೆಯಿಂದ ಒಂದು ಅಂಶ ವಿದಿತವಾಗುತ್ತದೆ. ಆನ್ ಆರ್ಬರಿನ ಸ್ವಾತಂತ್ರ್ಯವು ಆ ಊರಿನ ಗಾಳಿಯಲ್ಲಿ ಬೆರೆತು ಬಂದವರಿಗೆಲ್ಲ ಸಮನಾಗಿ ದೊರೆಯುವ ವಸ್ತುವಲ್ಲ. ಅದು ಮೊಕದ್ದಮೆಗಳಿಂದಲೂ ಚುನಾವಣೆಗಳಿಂದಲೂ ಹಂತಹಂತವಾಗಿ, ಆ ಸಂಸ್ಥಾನದ ಮತದಾರರು ತಮಗಾಗಿ ಮಾಡಿಕೊಂಡ ಏರ್ಪಾಡು. ಅವರ ಮತ ಕೇಂದ್ರದ ಕಾನೂನನ್ನು ಮುಟ್ಟಲಿಲ್ಲ. ಪರದೇಶದಿಂದ ಬಂದವನು ನಿಂತಿರುವುದು ಆ ಕೇಂದ್ರದ ಕಾನೂನಿನ ನೆಲದ ಮೇಲೆಯೇ. ಹೊರಡುವ ವಿದ್ಯಾರ್ಥಿಗೆ ಊರಿನ ಹವಾಮಾನ, ಬಾಡಿಗೆ, ಬಟ್ಟೆಬರೆಗಳ ವಿಷಯ ತಿಳಿಸುವ ಅಧ್ಯಾಪಕರು ಈ ಮಾತನ್ನೂ ಸಂಕೋಚವಿಲ್ಲದೆ ತಿಳಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.